ತೊಡೆಯೊಳಗಿನ ಹುರಿ

ನನಗೆ ಒಂದೇ ಕಾಲು. ಎಡಗಾಲು ತೊಡೆಯ ಬುಡದಿಂದಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲು ಉಳಿಯಿತೋ ಹೋಯಿತೋ ಎಂದು ನೀವು ಕೊನೆಯವರೆಗೆ ಉಸಿರು ಹಿಡಿದು ಕೂಡುವುದು ಬೇಡ. ಕಾಲು ಹೋಯಿತು, ನಾನು ಉಳಿದೆ. ಈಗ ಎಪ್ಪತ್ತು ದಾಟಿದ್ದೇನೆ. ವಿಜಾಪುರದ ಹೆಣ್ಣುಮಕ್ಕಳ ಸಾಲೆಯಲ್ಲಿ ಬಗಲಿಗೆ ಕೋಲು ಕೊಟ್ಟು ನಿಂತು ಮಗ್ಗಿ ಕಲಿಸಿ, ನಿವೃತ್ತಳಾಗಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದುಕೊಂಡು ಇದ್ದೇನೆ. ನನ್ನ ಕೈಯಲ್ಲಿ ಕಲಿತವರು ನನ್ನನ್ನು ಸಿಟ್ಟಿನ ಅಕ್ಕೋರು ಎನ್ನುತ್ತಾರೆ. ಅನ್ನಲಿ.

ಮೊನ್ನೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಬಂದಳು. ತೋಳಿನಲ್ಲಿ ಗಂಟು. ಡಾಕ್ಟರು ಅದರ ಹೆಸರು ಹೇಳಿ ದೊಡ್ಡ ಊರಿಗೆ ಹೋಗಲು ತಿಳಿಸಿದ್ದಾರೆ. ನನ್ನ ಮುಂದೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಅಕ್ಕೋರ, ನಿಮಗೂ ಹಿಂತಾದ್ದ ಆಗಿತ್ತಂತಲ್ರಿ. ಆವಾಗ ನಿಮ್ಮ ಸಂಗಾಟ ಯಾರ ಇದ್ರು?" ಎಂದು ಕೇಳಿದಳು. ನೋವಾಗುತ್ತದೆಯೇ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಬದುಕುತ್ತೇನೆಯೇ ಎಂದು ಕೇಳಿದ್ದರೂ ಏನಾದರೂ ಧೈರ್ಯದ ಮಾತು ಹೇಳುತ್ತಿದ್ದೆ. ಈ ಪ್ರಶ್ನೆಗೆ ಚಹಾ ಮಾಡಿಕೊಟ್ಟು ಕಳಿಸಿದೆ. ಅವಳಿಗೆ ಕೊಡಬೇಕಾಗಿದ್ದ ಉತ್ತರ ಇದು. ಉದ್ದವಾಗಿದೆ, ಏನೂ ಮಾಡುವಂತಿಲ್ಲ.

ನನ್ನ ತವರು ತಿಕೋಟಾ. ಗಂಡನ ಮನೆ ಬಬಲೇಶ್ವರದ ಕಡೆಯ ನಿಡೋಣಿ. ಆ ಕಾಲದಲ್ಲಿ ನಮ್ಮ ಕಡೆ ನಾರುಹುಣ್ಣು ಆಗದ ಮನುಷ್ಯನನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ, ಒಳ್ಳೆಯದೇ ಆಯಿತು. ಮೆಟ್ಟಿಲ ಬಾವಿಗೆ ಇಳಿದು, ನೀರಿನಲ್ಲಿ ಕಾಲಿಟ್ಟು ಕೊಡ ತುಂಬುತ್ತಿದ್ದೆವು, ಅದೇ ನೀರು ಕುಡಿಯುತ್ತಿದ್ದೆವು. ವರ್ಷ ತುಂಬುವುದರೊಳಗೆ ಯಾರದೋ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ದಾರದಂಥ ಬಿಳಿ ಹುಳ ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಒಳಗುಳಿದದ್ದು ಕೊಳೆತು, ಕಾಲು ಬಾತು, ಮನುಷ್ಯ ಜೀವಮಾನವಿಡೀ ಕುಂಟುತ್ತಿದ್ದ.

ಈ ಎಳೆಯುವ ಕೆಲಸದಲ್ಲಿ ನನ್ನ ತಾಯಿ ನೀಲವ್ವನದು ಹೆಸರಾದ ಕೈ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿದ್ದ. ನಮ್ಮ ಮನೆಯಲ್ಲಿ ಅವಳು, ನಾನು, ಒಂದು ಎಮ್ಮೆ. ಬೆಳಗಾದರೆ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಮಂದಿ ಕೂತಿರುತ್ತಿದ್ದರು. ಅವ್ವ ಬೆರಳಿಗೆ ಔಡಲೆಣ್ಣೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಕಾಲಿನ ಮೇಲೆ ನಿಧಾನವಾಗಿ ಕೈಯಾಡಿಸಿ, ಹುಳ ಎಲ್ಲಿ ಮಲಗಿದೆ, ಎಲ್ಲಿ ತಲೆ ತೆಗೆಯುತ್ತದೆ ಎಂದು ಹೇಳುತ್ತಿದ್ದಳು. ಉಮ್ಮತ್ತಿ ಎಲೆ ಕಾಸಿ ಕಟ್ಟುತ್ತಿದ್ದಳು, ಬೆಲ್ಲದಲ್ಲಿ ಇಂಗು ಇಟ್ಟು ನುಂಗಿಸುತ್ತಿದ್ದಳು. ಅವಳ ಕೈಯಲ್ಲಿ ಹುಳ ಹರಿದದ್ದನ್ನು ನಾನು ಕಂಡಿಲ್ಲ. ಇದಕ್ಕಾಗಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಬದಲು ಸೊಕ್ಕು ಮಾಡುತ್ತಿದ್ದಳು, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ನಾನು ಇನ್ನೂ ಇಪ್ಪತ್ತು ತುಂಬದವಳು, ನನ್ನ ಎಡತೊಡೆಯ ಒಳಬದಿಯಲ್ಲಿ ಮೊಣಕಾಲಿನ ಮೇಲೆ ಒಂದು ಗಂಟು ಕಾಣಿಸಿತು. ನಿಂಬೆಕಾಯಿಯಷ್ಟು. ನೋವಿಲ್ಲ, ಉರಿಯಿಲ್ಲ. ಅತ್ತೆ ಮುಟ್ಟಿ ನೋಡಿ, "ನಾರ ಇದು. ನಿಮ್ಮವ್ವನ ಕಡೆ ಹೋಗಿ ತಗಸ್ಕೊಂಡ ಬಾ. ಸುಗ್ಗಿಯೊಳಗ ತಿರುಗಿ ಬರಬೇಕು ಮತ್ತ," ಎಂದಳು. ಓಣಿಯ ಹೆಂಗಸರು ನಕ್ಕರು. ನಾರಿನ ನೀಲವ್ವನ ಮಗಳಿಗೇ ನಾರು ಎಂದು. ನಾನೂ ನಕ್ಕೆ. ತವರಿಗೆ ಹೋಗಲು ನೆಪ ಸಿಕ್ಕಿತಲ್ಲ ಎಂದು ಖುಷಿಯಲ್ಲಿಯೇ ಚೀಲ ಕಟ್ಟಿದೆ.

ಅವ್ವ ಎಣ್ಣೆ ಹಚ್ಚಿ ಕಣ್ಣು ಮುಚ್ಚಿದಳು. ಬೆರಳು ಗಂಟಿನ ಮೇಲೆ ನಿಂತಿತು, ಅಲ್ಲಿಂದ ಮೇಲಕ್ಕೆ ಸರಿಯಿತು. ನಾರು ಯಾವಾಗಲೂ ಕೆಳಕ್ಕೆ, ಪಾದದ ಕಡೆಗೆ ಇಳಿಯುತ್ತದೆ. ಇದು ತೊಡೆಯ ಸಂದಿನ ಕಡೆಗೆ ಏರಿತ್ತು.

"ಹುರಿ ಐತಿ," ಎಂದಳು. "ಆದ್ರ ತಲಿ ಮ್ಯಾಲ ಮಾಡೇತಿ. ಹಾದಿ ತಪ್ಪೇತಿ ಇದು."

"ಹಾದಿ ತಪ್ಪಿದ್ರ ಏನ್ಮಾಡೂದ ಬೇ?"

"ತಿರುಗಸೂದು. ಮತ್ತೇನ."

ಅಂದಿನಿಂದ ದಿನಾ ಮುಂಜಾನೆ ನನ್ನ ತೊಡೆಯನ್ನು ಮೇಲಿನಿಂದ ಕೆಳಕ್ಕೆ ತಿಕ್ಕುವುದು ಅವಳ ಮೊದಲ ಕೆಲಸವಾಯಿತು. ಹುಳ ಹೊರಳಿ ಕೆಳಗೆ ಬರಲಿ ಎಂದು. ನಾನು ಕಟ್ಟೆಯ ಮೇಲೆ ಉಳಿದವರ ಸಾಲಿನಲ್ಲಿಯೇ ಕೂಡುತ್ತಿದ್ದೆ. ಒಬ್ಬರದು ಪಾದ, ಒಬ್ಬರದು ಮೀನಖಂಡ, ನನ್ನದು ತೊಡೆ. ಹರಟೆ ಹೊಡೆಯುತ್ತಿದ್ದೆವು. "ನಿಂದ ಯಾವಾಗ ಬರತೈತಿ ಗಂಗವ್ವಾ?" ಎಂದು ಕೇಳುತ್ತಿದ್ದರು. ಅವರದು ಬರುತ್ತಿತ್ತು, ಅವ್ವ ಸುತ್ತಿ ತೆಗೆಯುತ್ತಿದ್ದಳು, ಅವರು ಎದ್ದು ಹೊಲಕ್ಕೆ ಹೋಗುತ್ತಿದ್ದರು. ಅವರ ಜಾಗದಲ್ಲಿ ಬೇರೆಯವರು ಬಂದು ಕೂಡುತ್ತಿದ್ದರು. ನನ್ನದು ಬರಲಿಲ್ಲ. ಗಂಟು ಮಾತ್ರ ಬೆಳೆಯಿತು, ಹುರಿ ದಪ್ಪವಾಯಿತು, ಕಾಲು ಬಾತು ಬೆಳ್ಳಿ ಕಡಗ ಪಾದದಲ್ಲಿ ಕಚ್ಚಿಕೊಂಡಿತು. ಕಡಗವನ್ನು ಅಕ್ಕಸಾಲಿಗನಿಂದ ಕೊಯ್ಯಿಸಿ ತೆಗೆಯಬೇಕಾಯಿತು. ಕೊನೆಕೊನೆಗೆ ಕಟ್ಟೆಯ ಮೇಲಿನವರು ನನ್ನನ್ನು ಏನೂ ಕೇಳದಾದರು. ನಾನು ಒಳಗೆ ಕೂಡತೊಡಗಿದೆ.

ಸುಗ್ಗಿ ಮುಗಿದರೂ ನಾನು ಬಾರದ್ದಕ್ಕೆ ನನ್ನ ಗಂಡ ಕರೆಯಲು ಬಂದರು. ಅವರ ಹೆಸರು ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದೆಂದು ಕಲಿಸಿದ್ದಾರೆ. ಗಂಡ ಹೋದ ಮೇಲೂ ಆ ರೂಢಿ ಹೋಗಲಿಲ್ಲ. ಮಾತು ಕಡಿಮೆಯ ಮನುಷ್ಯ. ಕಾಲು ನೋಡಿದರು. ಆಮೇಲೆ ಅವ್ವನಿಗೆ, "ವಿಜಾಪುರಕ್ಕ ಒಯ್ದು ಒಮ್ಮೆ ತೋರಸ್ತೇನ್ರಿ ಅತ್ತಿ," ಎಂದರು.

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನಾ ಎಷ್ಟ ಮಂದಿ ಕಾಲ ನೋಡೇನಿ ನಿಮಗ ಗೊತ್ತಿಲ್ಲೇನು? ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಕಾಲ ನನಗ ತಿಳ್ಯಂಗಿಲ್ಲೇನು?"

"ಹಂಗಲ್ರಿ. ನಾರ ಇದ್ರ ಅವರೂ ನಾರ ಅಂತಾರ."

"ಅವರು ಕೊಯ್ತಾರ. ಕೊಯ್ದ್ರ ಹರೀತೈತಿ. ಹರದ್ರ ನನ್ನ ಮನಿಗೆ ತರಬ್ಯಾಡ್ರಿ."

ಅವಳು ಸಿಟ್ಟಿನಲ್ಲಿ ಆಡಿದ ಮಾತು. ನಾನೂ ಅವಳ ಮಗಳೇ. ಅಷ್ಟೇ ಸಿಟ್ಟಿನಿಂದ ಎದ್ದು ಗಂಡನ ಹಿಂದೆ ಹೊರಟೆ, ಹೊಸ್ತಿಲಲ್ಲಿ ತಿರುಗಿ ನೋಡಲಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಂದಿದ್ದ ಇದ್ದಲಿ ಬಸ್ಸು ಇನ್ನೂ ಓಡುತ್ತಿತ್ತು. ತೊರವಿಯ ಹತ್ತಿರ ಏರಿನಲ್ಲಿ ಅದು ನಿಂತಿತು, ಗಂಡಸರೆಲ್ಲ ಇಳಿದು ನೂಕಿದರು. ಒಳಗೆ ನಾನೊಬ್ಬಳೇ ಕೂತಿದ್ದೆ. ಅವ್ವ ಹಿಂದೆ ಬರುವ ಬಂಡಿಯಲ್ಲೇನಾದರೂ ಇರಬಹುದೇ ಎಂದು ಹೊರಗೆ ಬಗ್ಗಿ ನೋಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಕಲ್ಲಿನ ಕಟ್ಟೆ. ಅದರ ಮೇಲೆ ಬೆಳಗಿನಿಂದ ಕೂತೆವು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತವರು ಒಬ್ಬರ ಕಾಲು ಒಬ್ಬರು ನೋಡಿ ಮಾತಾಡುತ್ತಿದ್ದರು. ಇಲ್ಲಿ ಎಲ್ಲರೂ ತಮ್ಮ ನೋವನ್ನು ಬಟ್ಟೆಯೊಳಗೆ ಮುಚ್ಚಿಕೊಂಡು ಕೂತಿದ್ದರು. ಡಾಕ್ಟರು ದಂಡಿನಿಂದ ಹೊಸದಾಗಿ ತಿರುಗಿ ಬಂದವರು, ಧಾರವಾಡದ ಕಡೆಯವರು. ಸಣ್ಣ ಧ್ವನಿ. ಮುಟ್ಟುವ ಮೊದಲು ಕೈ ಬೆಚ್ಚಗೆ ಮಾಡಿಕೊಂಡರು. ಗಂಟು ಮುಟ್ಟಿ, ಹುರಿಯ ಗುಂಟ ಬೆರಳಾಡಿಸುವಾಗ ಅವರು ಕೂಡ ಕಣ್ಣು ಮುಚ್ಚಿದರು. ಅದನ್ನು ಕಂಡು ನನಗೆ ಅಳು ಬಂತು, ಅವರು ನೋವಾಯಿತೆಂದು ತಿಳಿದುಕೊಂಡರು.

ಗಂಟಿನ ಚೂರೊಂದನ್ನು ಕೊಯ್ದು ಪರೀಕ್ಷೆಗೆ ಮುಂಬಯಿಗೆ ಕಳಿಸಿದರು. ಉತ್ತರ ಬರುವವರೆಗೆ ನನ್ನನ್ನು ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ಉತ್ತರ ಬಂದ ದಿನ ಡಾಕ್ಟರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಗಂಡ ಗೋಡೆಗೆ ಆನಿಕೊಂಡು ನಿಂತಿದ್ದರು.

"ಇದು ನಾರಲ್ಲ ತಂಗಿ," ಎಂದರು. "ಮಾಂಸದಾಗ ಹುಟ್ಟಿದ ಕ್ಯಾನ್ಸರ್. ಹಿಂತಾ ಗಂಟು ಆಜೂಬಾಜೂ ಇದ್ದದ್ದನ್ನ ಒತ್ತಿ ಬೆಳೀತಾವ. ನಿಂದು ಹಂಗಿಲ್ಲ. ದೊಡ್ಡ ರಕ್ತನಾಳದೊಳಗ ಹೊಕ್ಕು, ಅದರಾಗ ಹುರಿ ಆಗಿ ಏರಾಕತ್ತೇತಿ. ಇದನ್ನ ನಾ ಪುಸ್ತಕದಾಗ ಓದೇನಿ, ಕಣ್ಣಲೆ ನೋಡಿದ್ದಿಲ್ಲ."

"ಎಲ್ಲಿಮಟಾ ಏರತೈತ್ರಿ?"

"ಬಿಟ್ರ ಎದಿಮಟಾ."

ಕಾಲು ತೆಗೆಯಬೇಕು, ಬುಡದಿಂದಲೇ. ಅದಕ್ಕೂ ಮೊದಲು ನಾಳದೊಳಗಿನ ಹುರಿಯ ತುದಿಯನ್ನು ಹಿಡಿದು ಹೊರಗೆ ತರಬೇಕು. ಅದು ಹೊಟ್ಟೆಯೊಳಗೆ ಹೋಗಿಬಿಟ್ಟರೆ ತಮ್ಮ ಕೈಯಿಂದ ಆಗುವುದಿಲ್ಲ. ತಡ ಮಾಡಬೇಡಿರಿ. ಇಷ್ಟನ್ನು ಹೇಳಿ, ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಎದ್ದು ಹೋದರು. ಗಂಡ ಗೋಡೆಯನ್ನು ಬಿಟ್ಟು ಅಲ್ಲಾಡಲಿಲ್ಲ. ನಾನು ಅವರಿಗೆ ಹೇಳಿದ್ದು ಒಂದೇ, "ಅವ್ವಗ ಹೇಳ್ರಿ. ಬಾ ಅನ್ರಿ."

ಅವರು ತಿಕೋಟಾಕ್ಕೆ ಹೋಗಿ ಅವ್ವನಿಗೆ ತಿಳಿಸಿ, ಅಲ್ಲಿಂದ ಹಿರಿಯರನ್ನು ಕೇಳಲು ನಿಡೋಣಿಗೆ ಹೋದರು. ಆಗ ಹೆಣ್ಣಿನ ಕಾಲು ಗಂಡನ ಮನೆಯ ಒಪ್ಪಿಗೆಯಿಲ್ಲದೆ ಹೋಗುವಂತಿರಲಿಲ್ಲ. ನಾನು ವಾರ್ಡಿನ ಬಾಗಿಲು ನೋಡುತ್ತ ಮಲಗಿದೆ. ಬಾಗಿಲಲ್ಲಿ ಬಂದವರು ಬೇರೆಯವರು. ಎಲ್ಲೆಲ್ಲಿಂದಲೋ ಡಾಕ್ಟರುಗಳು ಬಂದರು, ಇಂಥದ್ದು ಮತ್ತೆ ನೋಡಲು ಸಿಗುವುದಿಲ್ಲವೆಂದು. ಒಬ್ಬರಾದ ಮೇಲೊಬ್ಬರು ತೊಡೆ ಒತ್ತಿ, ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋದರು. ಅಷ್ಟು ಕೈಗಳು ನನ್ನನ್ನು ಅದಕ್ಕೆ ಮೊದಲು ಮುಟ್ಟಿರಲಿಲ್ಲ, ಆಮೇಲೂ ಮುಟ್ಟಿಲ್ಲ. ಅವರಲ್ಲಿ ಒಬ್ಬರೂ ನಿನ್ನ ಹೆಸರೇನು ಎಂದು ಕೇಳಲಿಲ್ಲ. ಇವತ್ತಿಗೂ ಅದು ನೆನಪಾದರೆ ನನಗೆ ಸಿಟ್ಟು ಬರುತ್ತದೆ.

ಪಕ್ಕದ ಮಂಚದಲ್ಲಿ ತೊರವಿಯ ಹುಸೇನಬಿ ಎಂಬ ನಡುವಯಸ್ಸಿನ ಹೆಂಗಸು. ಅವಳದು ಖರೇ ನಾರು. ಯಾರೋ ಅವಸರದಿಂದ ಎಳೆದು ಹರಿದಿದ್ದರು, ಮೊಣಕಾಲು ಕುಂಬಳಕಾಯಿಯಾಗಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಅವಳ ಮಕ್ಕಳು, ಸೊಸೆಯಂದಿರು ಮೂರು ಕಲ್ಲು ಇಟ್ಟು ಅಡುಗೆ ಮಾಡುತ್ತಿದ್ದರು. ಹೊತ್ತುಹೊತ್ತಿಗೆ ಗುಂಪಾಗಿ ಬಂದು ಅವಳ ಮಂಚದ ಸುತ್ತ ಕೂಡುತ್ತಿದ್ದರು, ನೋಡಲು ಬಂದವರೆಲ್ಲ ತಮಗೆ ನಾರು ಆದಾಗಿನ ಕಥೆ ಹೇಳುತ್ತಿದ್ದರು. ನಾನು ಆಚೆ ಮುಖ ಮಾಡಿ ಗಂಡ ಇಟ್ಟುಹೋದ ಕಟಕ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದೆ. ನಿಜ ಹೇಳುತ್ತೇನೆ, ಮುಂದೆ ಬದುಕಿನಲ್ಲಿ ಎಷ್ಟೋ ಜನರ ಮನೆ, ಮಕ್ಕಳು, ಸೀರೆ ನೋಡಿದ್ದೇನೆ. ಹುಸೇನಬಿಯ ಆ ಹರಿದ ನಾರಿನ ಮೇಲೆ ಬಿದ್ದಷ್ಟು ಹೊಟ್ಟೆಕಿಚ್ಚು ನನಗೆ ಯಾವುದರ ಮೇಲೂ ಬಿದ್ದಿಲ್ಲ. ಅವಳ ಬೇನೆ ಊರಿಗೆಲ್ಲ ಗೊತ್ತಿದ್ದ ಬೇನೆ. ನನ್ನದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ, ಅದರ ಬಗ್ಗೆ ಯಾರ ಹತ್ತಿರವೂ ಒಂದು ಮಾತಿರಲಿಲ್ಲ.

ಸಂತೆಗೆ ಬಂದ ತಿಕೋಟಾದ ಹೆಂಗಸೊಬ್ಬಳು ನನ್ನನ್ನು ನೋಡಲು ಬಂದಳು. ಅವಳನ್ನು ಕಂಡೊಡನೆ, "ಅವ್ವ ಬಂದಾಳೇನು?" ಎಂದೆ.

"ಇಲ್ಲ ತಂಗಿ. ನಿಮ್ಮವ್ವ ಬಾಗಲಾ ಹಾಕ್ಕೊಂಡ ಕುಂತಾಳ. ನಾರಿನವರು ಬಂದ್ರೂ ತಗ್ಯಾಕ ಒಲ್ಲೆ ಅನ್ನಾಕತ್ತಾಳ. ನಿಮ್ಮ ಮನಿಯವ್ರು ಬಂದು ಹೇಳಿ ಹೋದಾಗಿಂದ ಒಂದ ಮಾತಾಡಿಲ್ಲ ನೋಡು."

"ನನ್ನ ನೋಡಾಕ ಬರತೇನಿ ಅಂದಿಲ್ಲೇನು?"

ಆ ಹೆಂಗಸು ನನ್ನ ಹೊದಿಕೆ ಸರಿಮಾಡಿದಳು. ಅವಳು ಹೋದ ಮೇಲೆ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಕಾಲಿಗಾಗಿ ಅಳಲಿಲ್ಲ. ಸಾಯುವಂತೆ ಬಿದ್ದಿದ್ದೇನೆ, ನನಗಿಂತ ಅವಳಿಗೆ ಅವಳ ಕೈಯ ಹೆಸರು ಹೆಚ್ಚಾಯಿತೇ ಎಂದು ಅತ್ತೆ. ಹುಸೇನಬಿ ಕುಂಟುತ್ತ ಬಂದು ನನ್ನ ಮಂಚದ ಮೇಲೆ ಕೂತು, ಏನೂ ಕೇಳದೆ, ಗಂಟುಗಟ್ಟಿದ್ದ ನನ್ನ ತಲೆಗೆ ಎಣ್ಣೆ ಹಚ್ಚಿ ಹಿಕ್ಕಿದಳು. ಜಡೆ ಬಿಗಿಯಾಗಿ ಹಾಕಿ, "ಆಪರೇಷನ್‌ಗೆ ಹೋಗೂಮುಂದ ಕೂದಲಾ ಕಣ್ಣಾಗ ಬರಬಾರದವ್ವಾ," ಎಂದಳು. ಅವಳಿಗೆ ಗಂಡನ ಮನೆಯ ಒಪ್ಪಿಗೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲವೆಂದು ಗೊತ್ತಿರಲಿಲ್ಲ. ಮರುದಿನ ಅವಳ ಸೊಸೆ ತಂದ ಬಿಸಿ ಅನ್ನ ಉಂಡೆ. ನಮ್ಮ ಮನೆಯಲ್ಲಿ ಗೊತ್ತಾದರೆ ಏನನ್ನುತ್ತಾರೋ ಎಂದು ಯೋಚಿಸಲೂ ಇಲ್ಲ.

ನಿಡೋಣಿಯಿಂದ ಗಂಡ ಬಂದರು. ಹಿರಿಯರು ನಿನಗೆ ತಿಳಿದಂತೆ ಮಾಡು ಎಂದಿದ್ದರಂತೆ. ಒಂಟಿಕಾಲಿನ ಸೊಸೆ ಹೊಲಕ್ಕೂ ಅಲ್ಲ ಮನೆಗೂ ಅಲ್ಲ ಎಂದೂ ಅಂದಿದ್ದರು. ಅದು ನನಗೆ ಆಮೇಲೆ ತಿಳಿಯಿತು. ಅವರು ಮಂಚದ ಕಾಲು ಹಿಡಿದುಕೊಂಡು ನೆಲ ನೋಡುತ್ತ, "ನೀ ಏನಂತಿ?" ಎಂದರು. ಮದುವೆಯಾದಾಗಿನಿಂದ ಅವರು ನನ್ನನ್ನು ಕೇಳಿದ ಮೊದಲ ಮಾತು ಅದು.

"ಕಾಲ ತಗೀರಿ ಅನ್ರಿ," ಎಂದೆ. ಇಷ್ಟು ಬೇಗ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ನನಗೆ ಬದುಕಬೇಕಾಗಿತ್ತು. ಯಾರಿಗಾಗಿ, ಏತಕ್ಕಾಗಿ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬೆನ್ನಿಗೆ ಸೂಜಿ ಚುಚ್ಚಿದರು. ಸೊಂಟದ ಕೆಳಗೆ ನನ್ನದೆನ್ನುವುದು ಏನೂ ಇಲ್ಲದಂತಾಯಿತು. ಎದೆಯ ಮುಂದೆ ಬಿಳಿಯ ಬಟ್ಟೆ ಅಡ್ಡ ಕಟ್ಟಿದ್ದರು. ಎಚ್ಚರವಿದ್ದೆ. ಕತ್ತರಿ ಇಡುವ ಸದ್ದು, ನೀರಿನ ಸದ್ದು, ಡಾಕ್ಟರ ಸಣ್ಣ ಧ್ವನಿ ಕೇಳಿಸುತ್ತಿತ್ತು. ಬಹಳ ಹೊತ್ತಾದ ಮೇಲೆ ಆ ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಸುಮ್ಮನಾದರು. ಆಗ ಅವರು ಹೇಳಿದರು, "ಹಗೂರಕ. ಹರೀಬಾರದು. ಹರದ್ರ ತುಂಡು ಎದಿಗೆ ಹೋಗತೈತಿ."

ನಾನು ಅವ್ವನ ಮಗಳು. ಆ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟೋ ಕಾಲುಗಳ ಮುಂದೆ ಕೂತು ಅವ್ವ ಉಸಿರು ಹಿಡಿಯುವುದನ್ನು ಕಂಡಿದ್ದೆ. ನಾನೂ ಉಸಿರು ಹಿಡಿದೆ. ಬಟ್ಟೆಯ ಆಚೆ ಅವರು ಇಷ್ಟಿಷ್ಟೇ ಎಳೆಯುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ನಾನು ಬದುಕುವುದೂ ಸಾಯುವುದೂ ಅವರ ಎರಡು ಬೆರಳಿನಲ್ಲಿತ್ತು. ಯವ್ವಾ, ನೀ ಇಲ್ಲಿರಬೇಕಾಗಿತ್ತು ಎಂದು ಮನಸ್ಸಿನಲ್ಲಿಯೇ ಕೂಗಿಕೊಂಡೆ. ಆಮೇಲೆ ಡಾಕ್ಟರು, "ಪೂರಾ ಬಂತು," ಎಂದರು, ಯಾರೋ ದೇವರ ಹೆಸರು ಹೇಳಿದರು, ಮೂಗಿಗೆ ಔಷಧದ ಬಟ್ಟೆ ಹಿಡಿದರು. ಕಾಲು ಹೋಗುವಾಗ ನಾನು ನಿದ್ದೆಯಲ್ಲಿದ್ದೆ.

ಕಾಲು ಏನಾಯಿತು ಎಂದು ಮಂದಿ ಕೇಳಲು ಹಿಂಜರಿಯುತ್ತಾರೆ, ನಾನೇ ಹೇಳುತ್ತೇನೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಗಂಡ ದವಾಖಾನೆಯವರನ್ನು ಬೇಡಿಕೊಂಡು ಅದನ್ನು ಇಸಿದುಕೊಂಡು, ಹೊಸ ಬಟ್ಟೆಯಲ್ಲಿ ಸುತ್ತಿ, ಬಂಡಿಯಲ್ಲಿ ನಿಡೋಣಿಗೆ ಒಯ್ದರು. ತಿರುಗಿ ಬಂದು, "ಹೊಲದಾಗ ಬನ್ನಿಗಿಡದ ಬಾಜೂಕ ಇಟ್ಟೇನಿ. ಇಬತ್ತಿ ಹಚ್ಚೇನಿ," ಎಂದರು. ಅವರ ಕಣ್ಣು ಕೆಂಪಾಗಿತ್ತು. ಅದಾದ ಮೇಲೆ ಅವರು ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಮರುವರ್ಷ ಹಿರಿಯರು ಕೂತು ಬಿಡುಗಡೆ ಮಾಡಿದರು, ಅವರು ಬೇರೆ ಮದುವೆಯಾದರು. ನನ್ನನ್ನು ಬಸ್ಸಿಗೆ ಹತ್ತಿಸಿ ಜೀವ ಉಳಿಸಿದವರೂ ಅವರೇ, ಬಿಟ್ಟುಹೋದವರೂ ಅವರೇ. ಯಾವುದಕ್ಕೆ ಏನನ್ನಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ನನ್ನ ಕಾಲು ಗಂಡನ ಮನೆಯಲ್ಲಿದೆ, ನಾನಿಲ್ಲಿದ್ದೇನೆ.

ಆದರೆ ಕಾಲು ಹೋದ ಮೇಲೆ ಕಾಲು ಹೋಗಲಿಲ್ಲ. ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ಇಲ್ಲದ ಪಾದ ತುರಿಸುತ್ತಿತ್ತು. ಇಲ್ಲದ ಬೆರಳುಗಳು ಚಳಿಯಿಂದ ಮುದುಡುತ್ತಿದ್ದವು. ಹೊದಿಕೆ ಹಾಸಿಗೆಗೆ ಅಂಟಿಕೊಂಡು ಬಿದ್ದಿರುತ್ತಿತ್ತು, ಅದರ ಕೆಳಗೆ ನನ್ನ ಕಾಲು ತಣ್ಣಗೆ ಜುಮುಗುಡುತ್ತಿತ್ತು. ನರ್ಸಿಗೆ ಹೇಳಿದೆ, ಅದರ ಧ್ಯಾನ ಬಿಡು ಎಂದಳು. ಹುಸೇನಬಿಗೆ ಹೇಳಿದೆ, ಅವಳು ಹೆದರಿ ತಾಯತ ಕಟ್ಟಿಸುತ್ತೇನೆ ಎಂದಳು. ಡಾಕ್ಟರು ಕೈಕಾಲು ಕಳೆದುಕೊಂಡ ದಂಡಿನವರಿಗೂ ಹಾಗಾಗುತ್ತದೆ, ಬರಬರುತ್ತ ಕಡಿಮೆಯಾಗುತ್ತದೆ ಎಂದರು. ಆ ದಂಡಿನವರಲ್ಲಿ ಒಬ್ಬನಾದರೂ ಪಕ್ಕದ ಮಂಚದಲ್ಲಿದ್ದರೆ ಎಂದು ಆಸೆಪಟ್ಟೆ. ಬಳಿಕ ಯಾರಿಗೂ ಹೇಳುವುದನ್ನು ಬಿಟ್ಟೆ.

ಹೊರಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿದೆ. "ನಮ್ಮವ್ವ ದಿನಾ ತಿಕ್ಕತಿದ್ಲರಿ. ಅದಕ್ಕ ಹಿಂಗಾತೇನ್ರಿ?" ಅವರು, "ತಿಕ್ಕಿದ್ದಕ್ಕ ಹುಟ್ಟಿದ್ದಲ್ಲ. ತಿಕ್ಕಿದ್ದಕ್ಕ ಮ್ಯಾಲ ಏರೇತೇನೋ, ಯಾರ ಹೇಳಬೇಕು ತಂಗಿ," ಎಂದರು. ಮುಂದೇನಾಗುತ್ತದೆ ಎಂದು ಭರವಸೆ ಕೊಡಲಾರೆ ಎಂದೂ ಹೇಳಿದರು. ಆಮೇಲಿನ ವರ್ಷಗಳನ್ನು ನಾನು ಒಂದೊಂದಾಗಿ, ಬೋನಸ್ಸು ಎಂದುಕೊಂಡೇ ತೆಗೆದುಕೊಂಡಿದ್ದೇನೆ.

ತಿಕೋಟಾಕ್ಕೆ ನನ್ನನ್ನು ಮುಟ್ಟಿಸಿದ್ದು ಹುಸೇನಬಿಯ ಮಗ, ತನ್ನ ಬಂಡಿಯಲ್ಲಿ. ಮನೆಗೆ ತರಬ್ಯಾಡ್ರಿ ಎಂದಿದ್ದ ಮನೆಗೇ ಹೊರಟಿದ್ದೆ. ಹೋಗಲು ಬೇರೆ ಜಾಗವಿರಲಿಲ್ಲ. ಕಟ್ಟೆ ಖಾಲಿಯಿತ್ತು. ಬಗಲಿನ ಕೋಲುಗಳು ಹೊಸವು, ಹೊಸ್ತಿಲು ದಾಟಲು ಬಾರದೆ ಅಲ್ಲಿಯೇ ನಿಂತೆ. ಅವ್ವ ಒಳಗಿನಿಂದ ಬಂದಳು. ಇಷ್ಟರಲ್ಲಿಯೇ ಮುದುಕಿಯಾಗಿದ್ದಳು. ನನ್ನ ಮುಖ ನೋಡಲಿಲ್ಲ, ಕಾಲಿದ್ದ ಜಾಗವನ್ನೂ ನೋಡಲಿಲ್ಲ. ಬಗಲಿಗೆ ಕೈ ಕೊಟ್ಟು ಒಳಗೆ ತಂದಳು. "ನೀರ ಕಾದಾವ," ಎಂದಳು, ಬಾಣಂತಿಗೆ ಹೇಳುವ ಹಾಗೆ.

ಬಚ್ಚಲಿನ ಕಲ್ಲಿನ ಮೇಲೆ ಕೂಡಿಸಿದಳು. ಹಂಡೆಯಿಂದ ಚರಿಗೆಯಲ್ಲಿ ತೋಡಿ ತೋಡಿ ತಲೆಯ ಮೇಲೆ ಹೊಯ್ದಳು. ಬೆನ್ನು ತಿಕ್ಕುತ್ತ, ನನ್ನ ಹಿಂದಿನಿಂದಲೇ, "ಹೆಂಗ ತಗದ್ರು?" ಎಂದಳು.

ಹೇಳಿದೆ. ನಾಳದೊಳಗೆ ಹುರಿ ಇದ್ದದ್ದು, ಅದನ್ನು ಇಷ್ಟಿಷ್ಟೇ ಎಳೆದದ್ದು, ಕೋಣೆಯಲ್ಲಿ ಎಲ್ಲರೂ ಸುಮ್ಮನಾದದ್ದು.

"ಹರೀತೇನು?"

"ಇಲ್ಲ ಬೇ. ಪೂರಾ ಬಂತು."

ಅವಳ ಕೈ ಬೆನ್ನ ಮೇಲೆ ನಿಂತಿತ್ತು. "ನಾ ತಿಕ್ಕಿದ್ದಕ್ಕ ಆತೇನ ಅದು?"

"ತಿಕ್ಕಿದ್ದಕ್ಕ ಹುಟ್ಟಿದ್ದಲ್ಲಂತ. ಕೇಳೇನಿ ನಾ."

"ಖರೇ?"

"ಖರೇ." ಡಾಕ್ಟರು ಹೇಳಿದ್ದು ಎರಡು ಮಾತು. ಅವ್ವನಿಗೆ ಒಂದನ್ನೇ ಹೇಳಿದೆ. ಇನ್ನೊಂದನ್ನು ಅವಳು ಸಾಯುವವರೆಗೂ ಹೇಳಲಿಲ್ಲ, ಇಲ್ಲಿಯೇ ಮೊದಲು ಹೇಳುತ್ತಿರುವುದು.

ಅವಳು ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಆಗ ಅವಳು ಅಳುತ್ತಿರುವುದು ಕಂಡಿತು. "ನಿನ್ನ ಕಡೆ ಬರಾಕ ಮಾರಿ ಇರಲಿಲ್ಲ ಯವ್ವಾ," ಎಂದಳು. ನನಗೆ ಹೇಳಬೇಕೆಂದುಕೊಂಡಿದ್ದ ಮಾತುಗಳು ಬಹಳ ಇದ್ದವು. ಬಂಡಿಯಲ್ಲಿ ವಿಜಾಪುರದಿಂದ ಇಲ್ಲಿಯವರೆಗೆ ಅವುಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಬಲಗಾಲನ್ನು ಅವಳ ಮುಂದೆ ಚಾಚಿದೆ.

ನನ್ನ ಬಲಗಾಲಿಗೆ ನೀರು ಹಾಕಿದಳು. ತೊಡೆ, ಮೊಣಕಾಲು, ಪಾದ, ಬೆರಳ ಸಂದು. ಆಮೇಲೆ ಇನ್ನೊಂದು ಚರಿಗೆ ತೋಡಿ ಎಡಕ್ಕೆ ಬಗ್ಗಿದಳು. ಗಾಯ ಮಾಯ್ದ ಬುಡಕ್ಕೆ ನಿಧಾನವಾಗಿ ಹೊಯ್ದಳು. ಅಲ್ಲಿಗೆ ನಿಲ್ಲಿಸಲಿಲ್ಲ. ತೊಡೆ ಇರಬೇಕಾದಲ್ಲಿ, ಮೊಣಕಾಲು ಇರಬೇಕಾದಲ್ಲಿ, ಪಾದ ಇರಬೇಕಾದಲ್ಲಿ, ಬರಿಯ ಕಲ್ಲಿನ ಮೇಲೆ, ಒಂದು ಕಾಲಿಗೆ ಎಷ್ಟು ಬೇಕೋ ಅಷ್ಟು ನೀರನ್ನು ಅದೇ ನಿಧಾನದಲ್ಲಿ ಹಾಕುತ್ತ ಹೋದಳು. ಅದರ ಚಳಿಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ನನ್ನ ಬೆರಳುಗಳು ಬೆಚ್ಚಗಾಗಿ ಬಿಚ್ಚಿಕೊಂಡವು.

"ಅಲ್ಲಿ ಕಾಲಿಲ್ಲ ಬೇ," ಎಂದೆ.

"ಗೊತ್ತೈತಿ," ಎಂದಳು. "ಭಾಳ ಬಿಸಿ ಆತೇನು?"

"ಇಲ್ಲ. ಹದಾ ಐತಿ. ಇನ್ನೊಂದ ಚರಿಗಿ ಹಾಕು."